ಮಿಸೆಸ್ ಮೆರಿವೆದರ್ ಕಣ್ಣೀರು

ಮಧ್ಯಾಹ್ನ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಮತ್ತೆ ಕೈಗೆತ್ತಿಕೊಂಡೆ. ಮಿಷನರಿ ಸಭೆಯ ಅಧ್ಯಾಯಕ್ಕೆ ಬಂದಾಗ ಮೈ ಉರಿದುಹೋಯ್ತು. ಅಲಬಾಮಾದ ಪುಟ್ಟ ಊರು, ಅಲ್ಲಿ ಎಲ್ಲರಿಗಿಂತ ದೊಡ್ಡ ದೈವಭಕ್ತೆ ಮಿಸೆಸ್ ಮೆರಿವೆದರ್. ಆಫ್ರಿಕಾದ ಬುಡಕಟ್ಟಿನವರ ಕಷ್ಟ ನೆನೆದರೆ ಆಕೆಗೆ ಕಣ್ಣು ತುಂಬಿ ಬರುತ್ತೆ. ಆದರೆ ಅದೇ ಊರಿನ ಕಪ್ಪು ಮನುಷ್ಯ ಟಾಮ್ ರಾಬಿನ್‌ಸನ್‌ಗೆ ಅನ್ಯಾಯವಾಗಿ ಶಿಕ್ಷೆಯಾದ ಮೇಲೆ ತನ್ನ ಮನೆಯ ಕಪ್ಪು ಕೆಲಸದಾಕೆ ಸೋಫಿ ಮುಖ ಬಾಡಿಸಿಕೊಂಡಿದ್ದರೆ ಅದನ್ನ ಸಹಿಸೋಕಾಗಲ್ಲ. ಯೇಸು ಯಾವತ್ತೂ ಗೊಣಗಲಿಲ್ಲ ಅಂತ ಅವಳಿಗೆ ಬುದ್ಧಿ ಬೇರೆ ಹೇಳ್ತಾಳೆ!

ಆ ಕಣ್ಣೀರು ನಾಟಕ ಅಲ್ಲ, ನಿಜವಾದದ್ದೇ. ನನಗೆ ಭಯ ಹುಟ್ಟಿಸೋದು ಅದೇ. ಫ್ಲಾನರಿ ಓಕಾನರ್ ಕಥೆಯ ಮಿಸೆಸ್ ಟರ್ಪಿನ್ ಕೂಡ ಇದೇ ಜಾತಿಯವಳು, ಮನಸ್ಸಲ್ಲೇ ಜನರನ್ನ ಮೇಲುಕೀಳು ಅಂತ ಜೋಡಿಸ್ತಾ ಕೂರೋಳು. ಓದಿದವರು ಹೇಳಿ, ಇಬ್ಬರಲ್ಲಿ ನಿಮ್ಮನ್ನ ಹೆಚ್ಚು ಕಾಡಿದ್ದು ಯಾರು?