ಆಟದ ಆಯ್ಕೆ ಮತ್ತು ಮನೆಯವರ ಆಸೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ಗಾಣಗಾಪುರದ ದತ್ತಸನ್ನಿಧಿಗೆಂದು ಯಾತ್ರಿಕರು ಹೊರಳುವ ಚೌಡಾಪುರವು ನಮ್ಮ ಊರು. ಮಳೆಯನ್ನು ನಂಬಿ ಜೋಳ ತೊಗರಿಗಳನ್ನು ಬಿತ್ತುವ ಈ ಸೀಮೆಯಲ್ಲಿ ಹುಡುಗನೊಬ್ಬನು ಕಬಡ್ಡಿಯಲ್ಲಿ ಚುರುಕಾದನೆಂದರೆ ಮನೆಯವರಿಗೆ ಅದು ಬರಿಯ ಆಟವಾಗಿ ಉಳಿಯುವುದಿಲ್ಲ. ಕ್ರೀಡಾನಿಲಯದ ಊಟ, ರೈಲ್ವೆಯ ನೌಕರಿ, ತಂಗಿಯ ಮದುವೆ ಎಲ್ಲವೂ ಅವನ ಎಳೆಯ ಹೆಗಲನ್ನೇರುವವು.

ಈ ಆಸೆಯು ನಿರಾಧಾರವಾದುದೆಂದು ನಾವು ಹೇಳಲಾರೆವು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಸ್ಥಾನ ದೊರೆಯಿತು. 2010ರಲ್ಲಿ ಸ್ತ್ರೀಯರಿಗೂ ಅದು ದೊರೆತಾಗ, ಚಿನ್ನ ಗೆದ್ದ ಭಾರತದ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿಯವರಿದ್ದರು. 2011ರ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು. 2014ರಲ್ಲಿ ಪ್ರೊ ಕಬಡ್ಡಿ ಪಂದ್ಯಗಳು ಆರಂಭವಾದ ಮೇಲಂತೂ ಆಟಗಾರರ ಹರಾಜಿನ ಸುದ್ದಿಯು ಹಳ್ಳಿಯ ಕಟ್ಟೆಯ ಮಾತಾಯಿತು. ಆದರೆ ತಂಡದಲ್ಲಿ ಅಂಕಣಕ್ಕಿಳಿಯುವವರು 7 ಜನರೇ. ಆಯ್ಕೆಗೆ ಬಂದವರಲ್ಲಿ ಹೆಚ್ಚಿನವರು ಮನೆಗೆ ಮರಳಲೇಬೇಕು.

ಕಿರಿಯರ ಪಂದ್ಯಗಳಿಗೆ 16 ವರ್ಷ ಮೀರಿರಬಾರದು, ತೂಕವು ಗೊತ್ತುಪಡಿಸಿದ ಮಿತಿಯನ್ನು ದಾಟಿರಬಾರದು ಎಂಬ ನಿಯಮವುಂಟು. ಎಳೆಯರಿಗೆ ಬಲಿತವರಿಂದ ಪೆಟ್ಟಾಗಬಾರದೆಂಬ ಸದುದ್ದೇಶವೇ ಇದಕ್ಕೆ ಕಾರಣ. ಆದರೆ ಅದು ಬೆಳೆಯುವ ವಯಸ್ಸು. ನಮ್ಮ ಅಣ್ಣನ ಮಗನು ಆಯ್ಕೆಗೆ ಮುಂಚಿನ ನಾಲ್ಕು ದಿನ ರೊಟ್ಟಿಯನ್ನು ಮುಟ್ಟಲಿಲ್ಲ. ನೀರನ್ನು ಗುಟುಕು ಗುಟುಕಾಗಿ ಎಣಿಸಿ ಕುಡಿದನು. ಬಿಸಿಲಲ್ಲಿ ದಪ್ಪ ಅಂಗಿ ತೊಟ್ಟು ಓಡಿದನು. ತೂಕವೇನೋ ಸರಿಹೋಯಿತು. ಎರಡನೆಯ ದಾಳಿಗೇ ಕಣ್ಣು ಕತ್ತಲೆಗೂಡಿ ಕುಸಿದನು. ಎಚ್ಚತ್ತ ಮೇಲೆ ಅವನು ನಮ್ಮನ್ನು ಕೇಳಿದ್ದು ಒಂದೇ ಮಾತು: "ಕಾಕಾ, ಅಪ್ಪಗ ಹ್ಯಾಂಗ ಮಾರಿ ತೋರಿಸ್ಲಿ?"

ಅಣ್ಣನು ಅಂದು ಏನನ್ನೂ ಆಡದೆ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವನ ಗಂಗಾಳಕ್ಕೆ ಬಿಸಿ ರೊಟ್ಟಿ ಹಾಕಿಸಿದನು. ಸೋತವನಿಗೆ ಮೊದಲು ಬೇಕಾದ ಔಷಧವು ಅದೇ ಆಗಿತ್ತು.

ಈ ಸಂಕಟವು ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಕಾಲೇಜುಗಳು ಫುಟ್ಬಾಲ್ ಆಟಕ್ಕಾಗಿ ಶಾಲಾಬಾಲಕರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುವವು. 2021ರಿಂದ ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲೂ ಅನುಮತಿಯಿದೆ. ಹಣ ಹೆಚ್ಚಿದಂತೆ ಹುಡುಗರ ಮೇಲಿನ ಭಾರವೂ ಹೆಚ್ಚಿತು.

ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಆಯ್ಕೆಯ ದಿನ ಹತ್ತಿರವಾದಾಗ ಮಗುವು ಉಣ್ಣುವುದನ್ನೂ ಕುಡಿಯುವುದನ್ನೂ ಗಮನಿಸಿರಿ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿನಷ್ಟು ನೀರು ಕಳೆದರೂ ಆಟದ ಕಸುವು ಕುಂದುವುದು. ಬೇಸಗೆಯಲ್ಲಿ ಪ್ರಾಣಕ್ಕೂ ಅಪಾಯ. ತೂಕ ಮೀರಿದರೆ ಮೇಲಿನ ವರ್ಗದಲ್ಲಿ ಆಡಲಿ. ವಯಸ್ಸಿನ ದಾಖಲೆ ತಿದ್ದಿಸುವ ಸಲಹೆ ಬಂದರೆ ಖಂಡಿತವಾಗಿ ನಿರಾಕರಿಸಿರಿ. ಮೊಣಕಾಲು ಒಮ್ಮೆ ಹೊರಳಿದರೆ ಆಟವು ನಿಲ್ಲಬಹುದು. ಆದುದರಿಂದ ಹತ್ತನೆಯ ತರಗತಿಯ ಪುಸ್ತಕವು ಚೀಲದಲ್ಲಿರಲಿ. ಎಲ್ಲಕ್ಕೂ ಮೇಲಾಗಿ, ಆಯ್ಕೆಯಾಗದಿದ್ದರೂ ಮನೆಯ ಬಾಗಿಲು ತೆರೆದೇ ಇರುವುದೆಂಬುದನ್ನು ಅವನು ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿರಿ.