ತೊಂಬತ್ತು ದಿನಗಳ ಗಡಿ

ಗಡಿಯೆಂದರೆ ನೆಲದ ಮೇಲೆ ಎಳೆದ ಗೆರೆಯೆಂದೇ ಭಾವಿಸಿ ಬಾಳಿದವರು ಕಾಸರಗೋಡಿನ ನಾವು. ಕಾಲಕ್ಕೂ ಒಂದು ಗಡಿಯಿದೆಯೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆಯೇ ನಮ್ಮಲ್ಲಿ ಅನೇಕರಿಗೆ ತಿಳಿಯುತ್ತದೆ.

ನಮ್ಮ ನೆರೆಮನೆಯ ತಾಯಿಯೊಬ್ಬರ ಮಗನ ಕೊಲೆಯಾಯಿತು. ಸೆಷನ್ಸ್ ನ್ಯಾಯಾಲಯದಲ್ಲಿ ಆರೋಪಿಗಳು ಖುಲಾಸೆಯಾದರು. "ಸರಕಾರವೇ ಅಪೀಲು ಹಾಕುತ್ತದಲ್ಲ, ನಮಗೇನು ಕೆಲಸ?" ಎಂದರು ಆ ತಾಯಿ. ತೀರ್ಪು ಇಂಗ್ಲಿಷಿನಲ್ಲಿತ್ತು, ಕಚೇರಿಯ ಮಾತು ಮಲಯಾಳದಲ್ಲಿ, ಅವರ ದುಃಖ ಮಾತ್ರ ಕನ್ನಡದಲ್ಲಿ. ಅವರ ಜತೆ ಹೋಗಿ ನಾವು ವಿಚಾರಿಸಿದಾಗ, ಮೇಲಿನಿಂದ ಆದೇಶ ಬಂದಿಲ್ಲವೆಂಬ ಉತ್ತರ ದೊರೆಯಿತು. ಅಷ್ಟರಲ್ಲಿ ಎರಡು ತಿಂಗಳು ಸಂದಿದ್ದವು.

1963ರ ಕಾಲಮಿತಿ ಕಾಯಿದೆಯಂತೆ, ಖುಲಾಸೆಯ ವಿರುದ್ಧ ಸರಕಾರದ ಮೇಲ್ಮನವಿಗೆ ತೀರ್ಪಿನ ದಿನದಿಂದ 90 ದಿನಗಳ ಅವಕಾಶ. ಶಿಕ್ಷೆಗೊಳಗಾದವನು ಉಚ್ಚ ನ್ಯಾಯಾಲಯಕ್ಕೆ ಹೋಗಲು 60 ದಿನ. ಮರಣದಂಡನೆಯಾಗಿದ್ದರೆ 30 ದಿನ ಮಾತ್ರ. ತೀರ್ಪಿನ ದೃಢೀಕೃತ ನಕಲು ಪಡೆಯಲು ತಗಲಿದ ಕಾಲವನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ಸಾಕಷ್ಟು ಕಾರಣವಿದ್ದರೆ ಸರಕಾರದ ಇಂತಹ ಮೇಲ್ಮನವಿಯ ವಿಳಂಬವನ್ನೂ ಮನ್ನಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿದೆ. ಆದರೆ ಕಡತ ನಿಧಾನವಾಗಿ ಚಲಿಸಿತೆಂಬ ಮಾಮೂಲು ನೆಪ ಸಲ್ಲದೆಂದು, ಬೇರೊಂದು ಪ್ರಕರಣದಲ್ಲಿ, 2012ರಲ್ಲೇ ಅದು ಎಚ್ಚರಿಸಿತ್ತು.

ಹಾಗಾದರೆ ಗಡುವೇ ಬೇಡವೆನ್ನೋಣವೇ? ನಮಗೆ ಹಾಗೆನಿಸದು. ಬಿಡುಗಡೆಗೊಂಡವನೂ ಒಂದು ಮನೆಯ ಮಗನೇ. ಸರಕಾರ ಎಂದು ಬೇಕಾದರೂ ಮತ್ತೆ ಕರೆಯಬಹುದೆಂದಾದರೆ ಆ ಮನೆಗೆ ನಿದ್ದೆ ಬರುವುದೆಂದು? ಗಡುವು ಇಬ್ಬರಿಗೂ ಬೇಕು. ಕಚೇರಿಯ ಆಲಸ್ಯಕ್ಕೆ ನೊಂದವರು ದಂಡ ತೆರುವಂತಾಗಬಾರದು, ಅಷ್ಟೆ.

ಇದಕ್ಕೊಂದು ದಾರಿಯನ್ನು 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ತೆರೆಯಿತು. ಸರಕಾರ ಸುಮ್ಮನಿದ್ದರೂ ನೊಂದವರು, ಅವರು ಗತಿಸಿದ್ದರೆ ವಾರಸುದಾರರು, ಖುಲಾಸೆಯ ವಿರುದ್ಧ ತಾವೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ನ್ಯಾಯಾಲಯದ ಪೂರ್ವಾನುಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ, ಮಲ್ಲಿಕಾರ್ಜುನ ಕೊಡಗಲಿಯವರು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ತೀರ್ಮಾನಿಸಿತು. ಆ ತೀರ್ಪನ್ನು ಕೇಳಲು ಅವರು ಉಳಿದಿರಲಿಲ್ಲ. ಅವರ ವಾರಸುದಾರರು ಕೇಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ಈ ಹಕ್ಕು ಕೊಡುವ ವಾಕ್ಯದಲ್ಲಿ ದಿನಗಳ ಲೆಕ್ಕ ಹೇಳಿಲ್ಲವೆಂದು ಯಾರೂ ನಿಶ್ಚಿಂತರಾಗಿ ಕೂರಬಾರದು. ತಡವಾದಷ್ಟೂ ಪ್ರಶ್ನೆಗಳು ಹೆಚ್ಚು.

ನೆರೆಮನೆಯ ತಾಯಿ ಹಿಡಿದದ್ದು ಇದೇ ದಾರಿ. ಅವರ ಮೇಲ್ಮನವಿ ಎರ್ನಾಕುಳಂನ ಉಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಕಾದಿದೆ. ಫಲ ಏನೆಂದು ನಾವಾರೂ ಬಲ್ಲೆವೇ? ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮ ಹಿರಿಯರದು. ಆದರೆ ಬಾಗಿಲು ತಟ್ಟುವ ಮುನ್ನವೇ ಹೊತ್ತು ಮೀರಿ ಸೋಲುವುದು ಬೇರೆ. ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ತೀರ್ಪು ಹೊರಬಿದ್ದ ದಿನವೇ ನಕಲಿಗೆ ಅರ್ಜಿ ಹಾಕಿ, ಭಾಷೆ ಬಲ್ಲವರಿಂದ ಓದಿಸಿಕೊಳ್ಳಿ, ಸರಕಾರದ ನಿರ್ಧಾರವನ್ನು ಲಿಖಿತವಾಗಿ ಕೇಳಿ.