ಕಂಡವರ ದೋಣಿಯಲ್ಲಿ ಕಡಲ ಪಾಠ!

ಹಾಲಿವುಡ್ಡಿನ ‘ಮೋಬಿ ಡಿಕ್’ ನೋಡಿದ್ದೀರಾ? ಒಂಟಿ ಕಾಲಿನ ಕ್ಯಾಪ್ಟನ್ ಆಗಿ ಗ್ರೆಗರಿ ಪೆಕ್, ಎದುರಿಗೆ ಬೆಟ್ಟದಂಥ ಬಿಳಿ ತಿಮಿಂಗಿಲ! 1956ರಲ್ಲಿ ತೆರೆಕಂಡ ಆ ಚಿತ್ರದ ಕೆಲವು ಕಡಲ ದೃಶ್ಯಗಳನ್ನು ನಿರ್ದೇಶಕ ಜಾನ್ ಹ್ಯೂಸ್ಟನ್ ಚಿತ್ರೀಕರಿಸಿದ್ದು ಲಾಸ್ ಪಾಲ್ಮಾಸ್‌ನಲ್ಲಿ. ಆಫ್ರಿಕಾದ ಪಕ್ಕದಲ್ಲೇ, ಅಟ್ಲಾಂಟಿಕ್ ಸಾಗರದಲ್ಲಿರುವ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದ ಬಂದರು ಅದು.

ಈಗ ಅಲ್ಲಿ ನೋಡಬೇಕಾದ ಸಿನಿಮಾನೇ ಬೇರೆ! ನವೆಂಬರ್ ಬಂತೆಂದರೆ ಬಂದರಿನ ತುಂಬ ಹಾಯಿದೋಣಿಗಳು. ಆ ಹೊತ್ತಿಗೆ ಆಚೆ ದಡದ ಚಂಡಮಾರುತಗಳ ಕಾಲ ಮುಗಿಯುತ್ತೆ, ಪಶ್ಚಿಮಕ್ಕೆ ದೂಡುವ ವಾಣಿಜ್ಯ ಮಾರುತ ನೆಲೆಯೂರುತ್ತೆ. 1986ರಲ್ಲಿ ಶುರುವಾದ ‘ಆರ್ಕ್’ ಎಂಬ ಸಾಮೂಹಿಕ ಯಾನ ಹೊರಡೋದೂ ಆಗಲೇ. ಕೆರಿಬಿಯನ್ನಿನ ಸೇಂಟ್ ಲೂಸಿಯಾಕ್ಕೆ 2700 ನಾಟಿಕಲ್ ಮೈಲಿ, ಅಂದರೆ ಸುಮಾರು 5000 ಕಿಲೋಮೀಟರ್. ಹೆಚ್ಚು ಕಡಿಮೆ ಮೂರು ವಾರದ ಹಾದಿ.

ದೋಣಿಯ ಯಜಮಾನನಿಗೆ ಕೆಲಸಕ್ಕೆ ಕೈ ಸಾಲದು. ಹುಡುಗರಿಗೆ ಕೈಯಿದೆ, ದೋಣಿಯಿಲ್ಲ. ಇಬ್ಬರಿಗೂ ಗಂಟು ಬೀಳೋದು ಇಲ್ಲೇ! ಬೆನ್ನಿಗೆ ಚೀಲ ಹಾಕಿಕೊಂಡ ಯುವಕ ಯುವತಿಯರು ಒಂದೊಂದೇ ದೋಣಿಯ ಮುಂದೆ ನಿಂತು, “ಜನ ಬೇಕೇ?” ಅಂತ ಕೇಳ್ತಾರೆ. ಬೋರ್ಡುಗಳಿಗೆ ಚೀಟಿ ಅಂಟಿಸ್ತಾರೆ. ಸಂಬಳ ಗಿಂಬಳ ಇಲ್ಲ ಸ್ವಾಮಿ! ಎಷ್ಟೋ ಸಲ ಊಟದ ಖರ್ಚಿಗೆ ತಾವೇ ಪಾಲು ಕೊಡಬೇಕು.

ಮತ್ತೆ ಸಿಗೋದೇನು? ನಮ್ಮೂರ ಬಸ್ಸಿನ ಕ್ಲೀನರ್ ಡ್ರೈವರ್ ಆಗುವ ದಾರಿಯೇ ಇದು. ಮೊದಲು ಪಾತ್ರೆ ತೊಳೆಯಬೇಕು, ಹಗ್ಗ ಸುತ್ತಬೇಕು, ವಾಂತಿ ಬಂದರೂ ಅಡುಗೆ ಮಾಡಬೇಕು. ಆಮೇಲೊಂದು ರಾತ್ರಿ ಎಲ್ಲರೂ ಮಲಗಿರುವಾಗ, ಮೂರು ಗಂಟೆಯ ಪಾಳಿಯಲ್ಲಿ ಚುಕ್ಕಾಣಿ ನಿಮ್ಮ ಕೈಗೆ! ದೂರದಲ್ಲೊಂದು ದೀಪ... ದಿಕ್ಸೂಚಿಯಲ್ಲಿ ಅದರ ದಿಕ್ಕು ಬದಲಾಗದೆ ಹತ್ತಿರ ಬರ್ತಾ ಇದ್ದರೆ ಡಿಕ್ಕಿಯ ಅಪಾಯ ಅಂತಲೇ ಅರ್ಥ. ಅನುಮಾನ ಬಂದಾಗ ನಾಚಿಕೆ ಬಿಟ್ಟು ಕ್ಯಾಪ್ಟನ್ನನ್ನು ಎಬ್ಬಿಸುವವನೇ ಜಾಣ.

ಆದರೆ ಎಚ್ಚರ! ನಡುನೀರಲ್ಲಿ ಇಳಿಯೋಕೆ ಸ್ಟಾಪ್ ಇರಲ್ಲ. ಯಜಮಾನ ನಿಮ್ಮನ್ನು ಅಳೆಯುವ ಹಾಗೆ ನೀವೂ ಅವನನ್ನು ಅಳೆಯಿರಿ. ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಪ್ರಾಣ ಉಳಿಸುವ ತೆಪ್ಪ, ರೇಡಿಯೋ ಸರಿ ಇವೆಯೇ? ಗುಂಡು ಎಷ್ಟು ಹಾಕ್ತಾನೆ? ಬಂದರಿನ ಸುತ್ತ ಒಂದು ದಿನ ಅವನ ಜೊತೆ ಹೋಗಿ ಬಂದರೆ ಅರ್ಧ ಉತ್ತರ ಸಿಕ್ಕಿತು. ಖರ್ಚು, ವೀಸಾ, ವಾಪಸ್ ಬರುವ ಟಿಕೆಟ್ಟಿನ ಮಾತನ್ನೂ ದಡದಲ್ಲೇ ಮುಗಿಸಿಕೊಳ್ಳಿ.

ಇದೆಲ್ಲ ಬಿಳಿಯರ ಆಟ ಅಂದುಕೊಂಡಿರಾ? ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರಿನಲ್ಲೇ ಗೋವಾದಲ್ಲೊಂದು ಹಾಯಿದೋಣಿ ತಯಾರಾಯ್ತು. 2009-10ರಲ್ಲಿ ನೌಕಾಪಡೆಯ ದಿಲೀಪ್ ದೋಂಡೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿದಾಗ, ದಡದಲ್ಲಿದ್ದುಕೊಂಡು ದೋಣಿಯ ಬೇಕುಬೇಡ ನೋಡಿಕೊಂಡವರು ಅಭಿಲಾಷ್ ಟಾಮಿ. ಅದೇ ಟಾಮಿ, ಅದೇ ದೋಣಿಯಲ್ಲಿ 2012ರ ನವೆಂಬರ್ 1ರಂದು ಮುಂಬೈ ಬಿಟ್ಟರು. ಎಲ್ಲೂ ನಿಲ್ಲದೆ, ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯರಾಗಿ 2013ರಲ್ಲಿ ಮರಳಿದರು!

ಚುಕ್ಕಾಣಿ ಆಮೇಲೆ ಗೆಳೆಯರೇ, ಮೊದಲು ಹಗ್ಗ!